ಫೋಟೋ ಅಜ್ಜನ ಜೊತೆ ಮೂರು ದಿನ

ಈ ಸಲ ಸಂಕ್ರಾಂತಿಗೆ ಬೆಂಗಳೂರಿನಿಂದ ಬಂದ ಮೊಮ್ಮಗಳ ತಲೆಯ ಮೇಲೆ ಅಗಲ ಅಂಚಿನ ಟೊಪ್ಪಿಗೆ ಇತ್ತು. ಕೊರಳಲ್ಲಿ ಹುಟ್ಟುಹಬ್ಬಕ್ಕೆ ಅವರಪ್ಪ ಕೊಡಿಸಿದ ಪುಟ್ಟ ಕ್ಯಾಮೆರಾ. ಏಳನೆಯ ತರಗತಿಯ ಹುಡುಗಿ. ಕಾಲು ತೊಳೆದು ಒಳಗೆ ಬರುವಷ್ಟರಲ್ಲೇ ಹೇಳಿದಳು: "ಅಜ್ಜಾ, ನಾನು ದೊಡ್ಡವಳಾದ ಮೇಲೆ ಅಮೆರಿಕಕ್ಕೆ ಹೋಗಿ ಕೌಬಾಯ್‌ಗಳ ಫೋಟೋ ತೆಗೀತೀನಿ. ಕಾಡುಪ್ರಾಣಿಗಳದ್ದೂ ತೆಗೀತೀನಿ."

"ಅಷ್ಟು ದೂರ ಯಾಕವ್ವಾ? ಎರಡೂ ನಮ್ಮ ಹಾವೇರಿ ಜಿಲ್ಲಾದಾಗ ಅದಾವ" ಎಂದೆ. ಅವಳು ನಕ್ಕಳು. ಅಜ್ಜ ತಮಾಷೆ ಮಾಡುತ್ತಾನೆ ಎಂದುಕೊಂಡಳು.

ಅದೇ ಸಂಜೆ ಅವಳನ್ನು ನನ್ನ ಹಳೆಯ ಗೆಳೆಯರೊಬ್ಬರ ಮನೆಗೆ ಕರೆದುಕೊಂಡು ಹೋದೆ. ಅವರಿಗೆ ಎಂಬತ್ತರ ಹತ್ತಿರ ವಯಸ್ಸು. ರಾಣೆಬೆನ್ನೂರಿನಲ್ಲಿ ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿ, ಈಗ ಹಾವೇರಿಯಲ್ಲಿ ಮಗನ ಜೊತೆ ಇದ್ದಾರೆ. ನಾನು ರಾಣೆಬೆನ್ನೂರಿನ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ನಮ್ಮಲ್ಲಿಗೆ ಬರುತ್ತಿದ್ದ ಸಾಲದ ಅರ್ಜಿಗಳ ಮೇಲಿನ ಮುಖಗಳಲ್ಲಿ ಅರ್ಧದಷ್ಟು ಅವರೇ ತೆಗೆದವು. ಹೊಟ್ಟೆಪಾಡಿಗೆ ಪಾಸ್‌ಪೋರ್ಟ್ ಫೋಟೋ, ಮದುವೆ ಫೋಟೋ. ಭಾನುವಾರ ಬಂತೆಂದರೆ ಸೈಕಲ್ಲಿಗೆ ಕ್ಯಾಮೆರಾ ಚೀಲ ಕಟ್ಟಿಕೊಂಡು ಚಿಗರಿ, ತೋಳ, ಹಕ್ಕಿ, ಕುರಿ ಕಾಯುವವರು, ದನ ಕಾಯುವವರು, ಹೋರಿಗಳ ಬೆನ್ನು ಹತ್ತುತ್ತಿದ್ದರು. ನಮ್ಮ ಮೊಮ್ಮಗಳು ಮೊದಲ ದಿನವೇ ಅವರಿಗೆ 'ಫೋಟೋ ಅಜ್ಜ' ಎಂದು ಹೆಸರಿಟ್ಟಳು. ನಾನೂ ಹಾಗೆಯೇ ಕರೆಯುತ್ತೇನೆ.

ಮಕ್ಕಳೇ, ಅವರ ಜೊತೆ ನಾವು ಮೂರು ದಿನ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ತಿರುಗಿದೆವು. ನಿಮಗೆ ಹೇಳಲೇಬೇಕಾದ ಮಾತು ಮೂರನೆಯ ದಿನದ್ದು. ಆದರೆ ಮೊದಲಿನಿಂದಲೇ ಹೇಳುತ್ತೇನೆ.

ಮೊದಲ ದಿನ: ಕೊಬ್ಬರಿ ಹೋರಿ

ಹಾವೇರಿಗೆ ಏಲಕ್ಕಿ ಕಂಪಿನ ನಗರಿ ಎಂದು ಹೆಸರು. ಇಲ್ಲಿ ಕಟ್ಟುವ ಏಲಕ್ಕಿ ಮಾಲೆ ದೊಡ್ಡ ದೊಡ್ಡವರ ಕೊರಳಿಗೆ ಬಿದ್ದಿದೆ. ಆದರೆ ನಮ್ಮ ಹಳ್ಳಿಗಳ ಹುಡುಗರಿಗೆ ಏಲಕ್ಕಿ ಮಾಲೆಗಿಂತ ಕೊಬ್ಬರಿ ಮಾಲೆಯೇ ಹೆಚ್ಚು. ದೀಪಾವಳಿ ಪಾಡ್ಯದಿಂದ ಶುರುವಾಗಿ ಮುಂದೆ ಕೆಲವು ತಿಂಗಳು ಊರೂರಲ್ಲಿ ಹೋರಿ ಬೆದರಿಸುವ ಸ್ಪರ್ಧೆ ನಡೆಯುತ್ತದೆ. ಅಂಥದೊಂದು ಹಾವೇರಿಯ ಹತ್ತಿರದ ಹಳ್ಳಿಯಲ್ಲಿತ್ತು.

ಹೋರಿಯ ಕೋಡಿಗೆ ಬಣ್ಣ, ಕೋಡಿನ ಮೇಲೆ ಗೊಂಚಲು ಗೊಂಚಲು ಬಲೂನು, ಬೆನ್ನಿಗೆ ಜರಿಯ ಜೂಲು, ಕೊರಳಿಗೆ ಒಣ ಕೊಬ್ಬರಿಯ ಹಾರ. ಒಂದೊಂದೇ ಹೋರಿಯನ್ನು ಅಖಾಡಕ್ಕೆ ಬಿಡುತ್ತಾರೆ. ಎರಡೂ ಬದಿಯಲ್ಲಿ ನಿಂತ ಗಟ್ಟಿಗರು ಅದನ್ನು ಹಿಡಿದು ಕೊಬ್ಬರಿ ಕಿತ್ತುಕೊಳ್ಳಲು ನೋಡುತ್ತಾರೆ. ಕೊಬ್ಬರಿ ಬಿಟ್ಟುಕೊಡದೆ ಓಡಿಹೋದ ಹೋರಿಗೆ ಜಯ. ಗೆದ್ದ ಹೋರಿಗೆ ಊರಿನಲ್ಲಿ ಸಿನಿಮಾ ನಟರಿಗಿರುವ ಮರ್ಯಾದೆ. ಅದಕ್ಕೊಂದು ಬಿರುದು, ಅಭಿಮಾನಿ ಬಳಗ, ಅದರ ಚಿತ್ರ ಅಚ್ಚು ಹಾಕಿಸಿದ ಅಂಗಿ.

ಮೊಮ್ಮಗಳು ಕ್ಯಾಮೆರಾ ಎತ್ತಿಕೊಂಡು ಮುಂದೆ ನುಗ್ಗಿದಳು. ಫೋಟೋ ಅಜ್ಜ ಅವಳ ರಟ್ಟೆ ಹಿಡಿದು ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಹತ್ತಿಸಿದರು. "ಇಲ್ಲಿ ವರ್ಷಾ ವರ್ಷಾ ಗಾಯ ಆಗ್ತಾವ, ಜೀವನೂ ಹೋಗ್ಯಾವ. ಫೋಟೋ ಆಮೇಲೆ, ಮೈ ಮೊದಲು" ಎಂದರು.

ಅವಳು ತೆಗೆದ ಮೊದಲ ಹತ್ತು ಚಿತ್ರಗಳಲ್ಲಿ ಹೋರಿಯೇ ಇರಲಿಲ್ಲ. ಬರೀ ದೂಳು, ಒಂದರಲ್ಲಿ ಬಾಲ. ಆಗ ಫೋಟೋ ಅಜ್ಜ ಒಂದು ಹಳೆಯ ಸಂಗತಿ ಹೇಳಿದರು. ಓಡುವ ಕುದುರೆಯ ನಾಲ್ಕೂ ಕಾಲು ಒಂದೇ ಗಳಿಗೆಯಲ್ಲಿ ನೆಲ ಬಿಡುತ್ತವೆಯೇ ಎಂಬುದು ಹಿಂದೆ ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ. ಬರಿಗಣ್ಣಿಗೆ ಅದು ಕಾಣುವುದಿಲ್ಲ. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ ಓಟದ ದಾರಿಯ ಪಕ್ಕ ಸಾಲಾಗಿ ಕ್ಯಾಮೆರಾಗಳನ್ನು ಇಟ್ಟು, ದಾರಿಗೆ ಅಡ್ಡಲಾಗಿ ದಾರಗಳನ್ನು ಕಟ್ಟಿದ. ಕುದುರೆ ಓಡುತ್ತ ಒಂದೊಂದು ದಾರ ಎಳೆದಂತೆ ಒಂದೊಂದು ಕ್ಯಾಮೆರಾ ಚಿತ್ರ ತೆಗೆಯಿತು. ನಾಲ್ಕೂ ಕಾಲು ನೆಲ ಬಿಡುತ್ತವೆ ಎಂದು ಜಗತ್ತು ಕಣ್ಣಾರೆ ಕಂಡಿತು. ಮುಂದೆ ಸಿನಿಮಾ ಹುಟ್ಟಲು ಇಂಥ ಚಿತ್ರಗಳೂ ದಾರಿ ಮಾಡಿದವು.

"ಹೋರಿ ಬಂದ ಮ್ಯಾಲೆ ಒತ್ತಿದರ ಬಾಲ ಸಿಗ್ತದ. ಅದು ಎಲ್ಲಿಗೆ ಬರ್ತದ ಅನ್ನೋ ಜಾಗಾ ಮೊದಲ ಹಿಡಕೊಂಡು ಕಾಯಬೇಕು" ಎಂದರು. ಹದಿನೈದನೆಯ ಹೋರಿಯ ಹೊತ್ತಿಗೆ ಅವಳಿಗೆ ಅದು ಹಿಡಿತಕ್ಕೆ ಬಂತು. ಬಲೂನು, ಕೊಬ್ಬರಿ, ಹೋರಿಯ ಕಣ್ಣು ಎಲ್ಲ ಸ್ಪಷ್ಟವಾಗಿ ಮೂಡಿದ್ದವು. ಅವಳು ಕುಣಿದಾಡಿದಳು. ಫೋಟೋ ಅಜ್ಜ ಆ ಚಿತ್ರವನ್ನು ದೊಡ್ಡದು ಮಾಡಿ, ಹೋರಿಯ ಕಣ್ಣನ್ನೇ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬೆದರಿಸೋದು ಅಂತ ಹೆಸರಿನಾಗೇ ಐತಿ ನೋಡವ್ವ. ಬೆದರಿದ ಕಣ್ಣು ಫೋಟೋದಾಗ ಮುಚ್ಚಿಡಾಕ ಬರೂದಿಲ್ಲ" ಎಂದರು.

ಹೊರಡುವಾಗ ನಮಗೆ ಇನ್ನೊಂದು ದೃಶ್ಯ ಸಿಕ್ಕಿತು. ಓಡಿ ಬಂದ ಹೋರಿಯನ್ನು ಬೇವಿನ ಮರಕ್ಕೆ ಕಟ್ಟಿದ್ದರು. ಮನೆಯ ಮುದುಕಿ ಅದರ ಮುಖಕ್ಕೆ ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದಳು. ಅದು ಕಣ್ಣು ಅರೆಮುಚ್ಚಿ ಅವಳ ಸೆರಗು ಮೂಸುತ್ತಿತ್ತು. "ಇದನ್ನ ತಕ್ಕೊ. ಓಡೋದು ಹತ್ತು ನಿಮಿಷ. ವರ್ಷದ ಬಾಳೇವು ಇದು" ಎಂದರು ಫೋಟೋ ಅಜ್ಜ.

ಟೊಪ್ಪಿಗೆಯವರು, ಕಂಬಳಿಯವರು

ರಾತ್ರಿ ಮಿರ್ಚಿ, ಗಿರ್ಮಿಟ್ ತಿನ್ನುತ್ತ ಕೌಬಾಯ್‌ಗಳ ಮಾತು ಬಂತು. ಸಿನಿಮಾದಲ್ಲಿ ಕೌಬಾಯ್ ಎಂದರೆ ಪಿಸ್ತೂಲು ಹಿಡಿದವನು. ನಿಜದಲ್ಲಿ ಅವನು ದನಗಾಹಿ. ಟೆಕ್ಸಾಸ್ ಸೀಮೆಯ ಬಯಲಿನಲ್ಲಿ ಸಾವಿರಾರು ದನ ಮೇಯಿಸಿ, ತಿಂಗಳುಗಟ್ಟಲೆ ನಡೆಸಿಕೊಂಡು ಹೋಗಿ, ದೂರದ ರೈಲು ನಿಲ್ದಾಣ ಮುಟ್ಟಿಸುವ ಕೂಲಿಯಾಳು. ಈ ಕಸುಬನ್ನು ಅವರು ಕಲಿತದ್ದು ಮೆಕ್ಸಿಕೋದ ದನಗಾಹಿಗಳಿಂದ. ಕೌಬಾಯ್‌ಗಳಲ್ಲಿ ಕಪ್ಪು ಜನರೂ ಬಹಳ ಇದ್ದರು. ಬಯಲಿಗೆ ಮುಳ್ಳುತಂತಿ ಬೇಲಿ ಬಂತು, ರೈಲು ಎಲ್ಲ ಕಡೆ ಬಂತು. ಆ ಬದುಕು ಮುಗಿಯಿತು.

ಅದು ಮುಗಿಯುತ್ತಿದ್ದಾಗ ಟೆಕ್ಸಾಸಿನಲ್ಲೇ 1886ರಲ್ಲಿ ಹುಟ್ಟಿದ ಅರ್ವಿನ್ ಸ್ಮಿತ್ ಎಂಬ ಹುಡುಗನಿಗೆ ಶಿಲ್ಪಿಯಾಗುವ ಆಸೆ. ಕೌಬಾಯ್‌ಗಳ ಮೂರ್ತಿ ಮಾಡಬೇಕೆಂದು, ಅದಕ್ಕೆ ಮಾದರಿಗಾಗಿ ಫೋಟೋ ತೆಗೆಯತೊಡಗಿದ. ತಾನೂ ಅವರ ಜೊತೆ ಕುದುರೆ ಹತ್ತಿ ದುಡಿದ. 1905ರಿಂದ ಕೆಲವು ವರ್ಷ ಅವನು ತೆಗೆದ ಚಿತ್ರಗಳಲ್ಲಿ ಆ ಜನ ಒಲೆಯ ಮುಂದೆ ಉಣ್ಣುವುದು, ನೆಲದ ಮೇಲೆ ಮಲಗುವುದು, ಕುದುರೆ ಪಳಗಿಸುವುದು ಎಲ್ಲ ಇದೆ. ಅವನ ಹೆಸರು ಉಳಿದದ್ದು ಮೂರ್ತಿಗಳಿಂದಲ್ಲ, ಆ ಫೋಟೋಗಳಿಂದ.

ನಮ್ಮ ಜಿಲ್ಲೆಯಲ್ಲಿ ಇದೇ ಹಂಬಲ ಬೇರೆ ರೀತಿ ಫಲಿಸಿತು. ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಕಟ್ಟಿದ ಉತ್ಸವ ರಾಕ್ ಗಾರ್ಡನ್‌ನಲ್ಲಿ ಆಳೆತ್ತರದ ಹಳ್ಳಿಯೇ ಇದೆ. ಮರೆಯಾಗುತ್ತಿರುವ ಹಳ್ಳಿಯ ಕಸುಬು, ಆಟ, ಜನ, ದನ ಅಲ್ಲಿ ಮೂರ್ತಿಗಳಾಗಿ ನಿಂತಿವೆ. ನೀವು ಆ ಹೆದ್ದಾರಿಯಲ್ಲಿ ಹೋದರೆ ಇಳಿದು ನೋಡಿ.

"ಹಂಗಾದ್ರ ನಮ್ಮ ಕೌಬಾಯ್ ಯಾರು?" ಎಂದು ಮೊಮ್ಮಗಳು ಕೇಳಿದಳು. ಊರಿಗೆ ಬಂದು ಎರಡೇ ದಿನ, ಅವಳ ಮಾತಿಗೆ ನಮ್ಮ ಕಡೆಯ ರಾಗ ಬಂದಿತ್ತು.

"ಮಂಗಳವಾರ ತೋರಸ್ತೀನಿ. ಅವರಿಗೆ ಟೊಪ್ಪಿಗಿ ಇಲ್ಲ, ಕಂಬಳಿ ಐತಿ" ಎಂದರು ಫೋಟೋ ಅಜ್ಜ.

ಎರಡನೆಯ ದಿನ: ಕೆಂಪು ಬಣ್ಣ

ಸೋಮವಾರ ಬ್ಯಾಡಗಿಗೆ ಹೋದೆವು. ಅಂದು ಮೆಣಸಿನಕಾಯಿ ಪೇಟೆ. ಮಾರುಕಟ್ಟೆ ಇನ್ನೂ ದೂರವಿರುವಾಗಲೇ ನಾವು ಮೂವರೂ ಸೀನತೊಡಗಿದೆವು. ಒಳಗೆ ಕಣ್ಣು ಹಾಯಿಸಿದಷ್ಟೂ ಕೆಂಪು ಚೀಲಗಳ ಸಾಲು. ಬ್ಯಾಡಗಿ ಮೆಣಸಿನಕಾಯಿಯ ಮೈಯೆಲ್ಲ ಸುಕ್ಕು. ಬಣ್ಣ ಬಹಳ, ಖಾರ ಕಡಿಮೆ. ಕಡ್ಡಿ ಎಂಬುದು ಉದ್ದ, ಡಬ್ಬಿ ಎಂಬುದು ಗಿಡ್ಡ ಮತ್ತು ದುಂಡಗೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಇದರಿಂದ ತೆಗೆಯುವ ಓಲಿಯೋರೆಸಿನ್ ಎಂಬ ಎಣ್ಣೆಯಂಥ ಬಣ್ಣ ತಿನಿಸುಗಳಿಗೂ ಸೇರುತ್ತದೆ, ತುಟಿಗೆ ಹಚ್ಚುವ ಲಿಪ್‌ಸ್ಟಿಕ್‌ಗೂ ಸೇರುತ್ತದೆ. ಇದನ್ನು ಕೇಳಿ ಮೊಮ್ಮಗಳು ತನ್ನ ತುಟಿ ಮುಟ್ಟಿಕೊಂಡು ನೋಡಿದಳು.

ಫೋಟೋ ಅಜ್ಜನಿಗೆ ಬ್ಯಾಡಗಿ ಒಂದು ಪಾಠ ಕಲಿಸಿದ ಊರು. ಆಗ ಅವರ ಹತ್ತಿರ ಇದ್ದದ್ದು ಕಪ್ಪು ಬಿಳುಪು ರೋಲು. ಚಕ್ಕಡಿಗಳ ಸಾಲು, ಎತ್ತುಗಳು, ಮೆಣಸಿನಕಾಯಿಯ ಗುಡ್ಡ ಎಲ್ಲವನ್ನೂ ತೆಗೆದು, ಕತ್ತಲೆ ಕೋಣೆಯಲ್ಲಿ ತೊಳೆದು ನೋಡಿದರೆ ಮೆಣಸಿನಕಾಯಿ ಬೂದಿಗುಡ್ಡೆಯಂತೆ ಕಂಡಿತಂತೆ. "ಇದ್ದಿಲ ಪ್ಯಾಟಿ ಅಂದ್ರೂ ನಂಬತಿದ್ರು" ಎಂದು ನಕ್ಕರು. ಮರುವರ್ಷ ಎರಡು ಮದುವೆಯ ದುಡ್ಡು ಕೂಡಿಸಿ ಬಣ್ಣದ ರೋಲು ತಂದು ಮತ್ತೆ ಬಂದರು. ಬಣ್ಣ ಸಿಕ್ಕಿತು. ಆದರೆ ಕಾಲ ಕಳೆದಂತೆ ಚಕ್ಕಡಿ ಹೋಗಿ ಲಾರಿ, ಟ್ರ್ಯಾಕ್ಟರ್ ಬಂದವು. ಈಗ ಆ ಎತ್ತುಗಳ ಸಾಲು ಇರುವುದು ಅವರ ಬೂದು ಬಣ್ಣದ ಚಿತ್ರದಲ್ಲಿ ಮಾತ್ರ. ಅಂದು ಕೆಟ್ಟಿತು ಎಂದು ಬದಿಗಿಟ್ಟ ಚಿತ್ರ ಅದು. ಈಗ ಬ್ಯಾಡಗಿಯ ವ್ಯಾಪಾರಿಗಳು ಬಂದು ಅದರ ಪ್ರತಿ ಕೇಳುತ್ತಾರೆ.

ಮೂರನೆಯ ದಿನ: ಒಂದು ತತ್ತಿ

ಮಂಗಳವಾರ ನಸುಕಿನಲ್ಲೇ ರಾಣೆಬೆನ್ನೂರಿಗೆ ಹೊರಟೆವು. ಇಲ್ಲಿ ಕೃಷ್ಣಮೃಗಗಳ ಅಭಯಾರಣ್ಯವಿದೆ. 1974ರಲ್ಲಿ ಘೋಷಣೆಯಾದದ್ದು. 119 ಚದರ ಕಿಲೋಮೀಟರ್. ಕಾಡು ಎಂದರೆ ದೊಡ್ಡ ಮರಗಳ ಕತ್ತಲೆಯಲ್ಲ. ಕುರುಚಲು, ಹುಲ್ಲು, ನೀಲಗಿರಿ ತೋಪು, ಅದರಂಚಿಗೆ ರೈತರ ಹೊಲ. ಕೃಷ್ಣಮೃಗಕ್ಕೆ ನಮ್ಮ ಕಡೆ ಚಿಗರಿ ಎನ್ನುತ್ತಾರೆ. ಗಂಡಿಗೆ ಬೆನ್ನು ಕಪ್ಪು, ಹೊಟ್ಟೆ ಬಿಳಿ, ತಿರುಚಿದ ಉದ್ದ ಕೋಡು. ಹೆಣ್ಣು ಕಂದು ಬಣ್ಣದ್ದು, ಅದಕ್ಕೆ ಕೋಡಿಲ್ಲ. ಓಡಿದರೆ ಗಂಟೆಗೆ 80 ಕಿಲೋಮೀಟರ್ ವೇಗ.

ಅಂಚಿನ ಹೊಲದ ಬದುವಿನ ಮೇಲೆ ನಾವು ಕುಳಿತೆವು. ಒಬ್ಬ ಕುರಿಗಾಹಿ ಕಂಬಳಿ ಹೊದ್ದು, ಕೋಲಿಗೆ ಗಲ್ಲ ಊರಿ ನಿಂತಿದ್ದ. ಸುತ್ತ ಕುರಿಗಳು, ಎರಡು ನಾಯಿ. ಇವರು ಮಳೆ, ಮೇವು ನೋಡಿಕೊಂಡು ಊರಿಂದ ಊರಿಗೆ ಮಂದೆ ಹೊಡೆದುಕೊಂಡು ಹೋಗುತ್ತಾರೆ. ರಾತ್ರಿ ರೈತರ ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ. ಹೊಲಕ್ಕೆ ಗೊಬ್ಬರ, ಇವರಿಗೆ ಕಾಳು ಅಥವಾ ದುಡ್ಡು. ತೋಳ ಬರುತ್ತದೆಂದು ನಿದ್ದೆಯಲ್ಲೂ ಒಂದು ಕಿವಿ ತೆರೆದೇ ಇರುತ್ತದೆ. ಮೊಮ್ಮಗಳು ಮೆಲ್ಲಗೆ ತನ್ನ ಟೊಪ್ಪಿಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

ಅಲ್ಲಿ ಕುಳಿತಾಗ ಫೋಟೋ ಅಜ್ಜ ಚೀಲದಿಂದ ಒಂದು ಹಳೆಯ ಲಕೋಟೆ ತೆಗೆದರು. ಅದರಲ್ಲಿ ಅಂಗೈಯಷ್ಟು ದೊಡ್ಡ ಫೋಟೋ. ಬಯಲು. ಅಂಚಿನಲ್ಲಿ ಎತ್ತರದ ಹಕ್ಕಿಯೊಂದು ಬೆನ್ನು ತಿರುಗಿಸಿ ನಡೆದು ಹೋಗುತ್ತಿದೆ.

ನನ್ನ ಎದೆ ಧಸಕ್ಕೆಂದಿತು. ಆ ಫೋಟೋ ಇನ್ನೂ ಇದೆ ಎಂದು ನನಗೆ ತಿಳಿದಿರಲಿಲ್ಲ.

ಮಕ್ಕಳೇ, ಅದು ಎರೆಭೂತ. ಎರ್ಲಡ್ಡು ಎಂದೂ ಹೆಸರಿದೆ. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಮೀಟರಿನಷ್ಟು ಎತ್ತರ. ಹಾರುವ ಹಕ್ಕಿಗಳಲ್ಲಿ ಬಹಳ ಭಾರದ್ದು. ಇದನ್ನೇ ರಾಷ್ಟ್ರಪಕ್ಷಿ ಮಾಡಬೇಕೆಂದು ಪಕ್ಷಿತಜ್ಞ ಸಾಲಿಂ ಅಲಿ ಸೂಚಿಸಿದ್ದರು. 1963ರಲ್ಲಿ ಆ ಗೌರವ ನವಿಲಿಗೆ ಹೋಯಿತು. ಎರೆಭೂತ ಗೂಡು ಕಟ್ಟುವುದಿಲ್ಲ. ಬಯಲು ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ತತ್ತಿ ಇಡುತ್ತದೆ. ಸುಮಾರು ಒಂದು ತಿಂಗಳು ತಾಯಿ ಒಬ್ಬಳೇ ಕಾವು ಕೊಡುತ್ತಾಳೆ. ಆಗೆಲ್ಲ ಈ ರಾಣೆಬೆನ್ನೂರಿನ ಬಯಲಿನಲ್ಲಿ ಅದು ಇತ್ತು.

1982ರ ಮುಂಗಾರಿನ ಒಂದು ಭಾನುವಾರ. ನಾನೂ ಅವರೂ ಬೆಳಿಗ್ಗೆಯಿಂದ ಅಲೆದು, ಮಧ್ಯಾಹ್ನದ ಹೊತ್ತಿಗೆ ದೂರದಲ್ಲಿ ಹುಲ್ಲಿನ ನಡುವೆ ಕುಳಿತ ಎರೆಭೂತವನ್ನು ಕಂಡೆವು. ಅವರ ಕ್ಯಾಮೆರಾಕ್ಕೆ ಅದು ಸಾಸಿವೆಯಷ್ಟೇ ಕಾಣುತ್ತಿತ್ತು. ಅಲ್ಲಿದ್ದ ಮುದುಕ ಕುರಿಗಾಹಿಯೊಬ್ಬ ಕೈಯಡ್ಡ ಮಾಡಿದ. "ಹೋಗಬ್ಯಾಡ್ರಿ, ತತ್ತಿ ಮ್ಯಾಲ ಕುಂತೈತಿ. ಬಿಸಲಾಗ ಎದ್ರ ತತ್ತಿ ಕೆಡ್ತೈತಿ" ಎಂದ. ಗೆಳೆಯರು ನಿಂತರು. ನಿಲ್ಲದಿದ್ದವನು ನಾನು. ನನಗೆ ರಜೆ ಇದ್ದದ್ದು ಅದೊಂದೇ ದಿನ. "ಇನ್ನ ಹತ್ತು ಹೆಜ್ಜಿ ಅಷ್ಟ. ಇಷ್ಟು ದೂರ ಬಂದು ಬರಿಗೈಲೆ ಹೋಗೂದೇನ್ರಿ?" ಎಂದು ಅವರ ಬೆನ್ನಿಗೆ ಕೈ ಹಚ್ಚಿದೆ.

ಹತ್ತು ಹೆಜ್ಜೆ ಇಪ್ಪತ್ತಾಯಿತು. ಹಕ್ಕಿ ಎದ್ದಿತು. ಹಾರಲಿಲ್ಲ, ಕತ್ತು ನಿಗುರಿಸಿ ದೂರ ದೂರ ನಡೆದು ಹೋಯಿತು. ಅವರು ಒಂದೇ ಸಲ ಗುಂಡಿ ಒತ್ತಿದರು. ಅದೇ ಈ ಫೋಟೋ. ನೆಲದ ಮೇಲೆ ಮಣ್ಣಿನ ಬಣ್ಣದ, ಕಲೆ ಕಲೆಯ ತತ್ತಿ ಬಿಸಿಲಿನಲ್ಲಿ ಬಿದ್ದಿತ್ತು. ನಾವು ತಪ್ಪು ತಿಳಿದು ಓಡಿ ಬಂದು, ಸಂಜೆಯವರೆಗೆ ಗಿಡದ ಮರೆಯಲ್ಲಿ ಕಾದೆವು. ಹಕ್ಕಿ ಬಂದದ್ದು ನಮಗೆ ಕಾಣಲಿಲ್ಲ. ಮುಂದಿನ ಭಾನುವಾರ ಹೋದಾಗ ತತ್ತಿ ಇರಲಿಲ್ಲ. ಕಾಗೆ ಒಡೆಯಿತೋ, ನರಿ ತಿಂದಿತೋ, ಅಥವಾ ಕಾವು ತುಂಬಿ ಮರಿಯಾಗಿ ತಾಯಿಯ ಹಿಂದೆ ಹೋಯಿತೋ. ಆ ಮುದುಕ ನಮ್ಮನ್ನು ಬೈಯಲಿಲ್ಲ. ಕುರಿ ತಿರುಗಿಸಿಕೊಂಡು ಬೇರೆ ಕಡೆ ಹೋದ.

ಆ ಮೇಲೆ ಗೆಳೆಯರು ಉದ್ದ ಲೆನ್ಸಿಗೆ ನಮ್ಮ ಬ್ಯಾಂಕಿನಲ್ಲಿ ಸಾಲ ಕೇಳಿದರು. ದೂರ ಕುಳಿತೇ ತೆಗೆಯಬೇಕು ಎಂಬುದು ಅವರ ಹಟ. ಫೋಟೋ ತೆಗೆಯಲು ಸಾಲವೇ ಎಂದು ಕಚೇರಿಯಲ್ಲಿ ನಗು. "ನಮ್ಮ ರಾಜ್ಯದ ಹಣಕಾಸು ಮಂತ್ರಿ ಆಗಿದ್ದವರೇ ಆನಿ ಫೋಟೋ ತೆಗೀತಾರ. ಸ್ಟುಡಿಯೋದಾವ ಚಿಗರೀದು ತೆಗೀಬಾರದೇನ್ರಿ?" ಎಂದು ಅವರು ಕೇಳಿದ್ದು ನೆನಪಿದೆ. ಅದು ಸಂಡೂರಿನ ಎಂ. ವೈ. ಘೋರ್ಪಡೆಯವರ ಮಾತು. 1972ರಿಂದ 1977ರವರೆಗೆ ಹಣಕಾಸು ಸಚಿವರಾಗಿದ್ದ ಅವರು ವನ್ಯಜೀವಿ ಛಾಯಾಗ್ರಹಣದಲ್ಲೂ ದೊಡ್ಡ ಹೆಸರು. ಅದೇ ಕಾಲಕ್ಕೆ ಬೆಂಗಳೂರಿನಲ್ಲಿ ಓ. ಸಿ. ಎಡ್ವರ್ಡ್ಸ್ ಅವರ ಶಿಷ್ಯರಾದ ಟಿ. ಎನ್. ಎ. ಪೆರುಮಾಳ್ ಅವರು ಇನ್ನೂ ಎಷ್ಟೋ ಜನರಿಗೆ ಈ ವಿದ್ಯೆ ಕಲಿಸುತ್ತಿದ್ದರು. ಅರ್ಜಿಯಲ್ಲಿ 'ಸ್ಟುಡಿಯೋ ವಿಸ್ತರಣೆ' ಎಂದು ಬರೆಸಿ ಸಾಲ ಮಂಜೂರು ಮಾಡಿಸಿದೆ. ಕಂತು ಒಂದೂ ತಪ್ಪದೆ ತೀರಿತು.

ಆ ಲೆನ್ಸಿನಲ್ಲಿ ಅವರಿಗೆ ನೂರಾರು ಚಿಗರಿ ಸಿಕ್ಕವು, ತೋಳ ಸಿಕ್ಕಿತು. ಎರೆಭೂತ ಸಿಗಲೇ ಇಲ್ಲ. ನೀಲಗಿರಿ ಬೆಳೆದು ಬಯಲು ಮುಚ್ಚಿತು, ಹುಲ್ಲುಗಾವಲು ಹೊಲವಾಯಿತು. ಈ ಹಕ್ಕಿಗೆ ಬಯಲು ಬೇಕು. ಈಗ ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ಇಡೀ ದೇಶದಲ್ಲೇ 200ಕ್ಕಿಂತ ಕಡಿಮೆ, ಹೆಚ್ಚಿನವು ರಾಜಸ್ಥಾನದಲ್ಲಿ. ಅಲ್ಲಿ ವಿದ್ಯುತ್ ತಂತಿಗೆ ಬಡಿದು ಸಾಯುವುದೇ ಅವುಗಳ ದೊಡ್ಡ ಕಂಟಕ. ಜೈಸಲ್ಮೇರ್ ಹತ್ತಿರದ ಕೇಂದ್ರದಲ್ಲಿ ವಿಜ್ಞಾನಿಗಳು ಬಯಲಿನಿಂದ ತತ್ತಿ ತಂದು, ಯಂತ್ರದಲ್ಲಿ ಕಾವು ಕೊಟ್ಟು, ಮರಿ ಮಾಡಿಸಿ ಬೆಳೆಸುತ್ತಿದ್ದಾರೆ. ಒಂದೊಂದು ತತ್ತಿಗೆ ಈಗ ಅಷ್ಟು ಬೆಲೆ.

ನಮ್ಮ ಒಂದು ತತ್ತಿಯಿಂದ ರಾಣೆಬೆನ್ನೂರಿನ ಹಕ್ಕಿ ಹೋಯಿತು ಎಂದು ನಾನು ಹೇಳುವುದಿಲ್ಲ. ಆದರೆ ಆ ತತ್ತಿಯ ಲೆಕ್ಕ ನನ್ನ ಖಾತೆಯಲ್ಲಿದೆ.

ಇದನ್ನೆಲ್ಲ ಮೊಮ್ಮಗಳಿಗೆ ನಾನೇ ಹೇಳಿದೆ. ಫೋಟೋ ಅಜ್ಜ "ತಪ್ಪು ನಂದೂ ಐತಿ ಕ್ಯಾಶಿಯರ್ರ, ಗುಂಡಿ ಒತ್ತಿದ್ದು ನನ್ನ ಬಟ್ಟು" ಎಂದರು. ಗೂಡಿನಲ್ಲಿರುವ ಹಕ್ಕಿಯ ಚಿತ್ರಗಳನ್ನು ಈಗ ಅನೇಕ ಸ್ಪರ್ಧೆಗಳಲ್ಲಿ ತೆಗೆದುಕೊಳ್ಳುವುದಿಲ್ಲ ಎಂದು ಅವಳಿಗೆ ತಿಳಿಸಿ, ಫೋಟೋವನ್ನು ಲಕೋಟೆಗೆ ಹಾಕಿದರು.

ಅಷ್ಟರಲ್ಲಿ ನೀಲಗಿರಿ ತೋಪಿನಿಂದ ಚಿಗರಿ ಹಿಂಡು ಹೊರಬಂತು. ಮುಂದೆ ಒಂದು ಕರಿ ಗಂಡು. ಬಹಳ ದೂರ. ಮೊಮ್ಮಗಳು ಅರ್ಧ ಎದ್ದಳು. ಎದ್ದವಳು ನಮ್ಮಿಬ್ಬರ ಮುಖ ನೋಡಿ, ಕುರಿಗಾಹಿಯ ಕಡೆ ತಿರುಗಿ ಕೇಳಿದಳು: "ಕಾಕಾ, ಹತ್ರ ಹೋಗ್ಲಾ?"

"ಬ್ಯಾಡವಾ, ಅಲ್ಲೇ ಕೂಡ್ರು. ಕುರಿಗೆ ಅವು ಹೆದರೂದಿಲ್ಲ. ಮೇಯ್ಕೋತ ಅವ ಬರ್ತಾವ" ಎಂದ ಅವನು. "ನಮ್ಮ ಜ್ವಾಳ ತಿನ್ನಾಕ ಬರೂವು ಫೋಟೋಕ್ಕ ಬರೂದಿಲ್ಲೇನು?" ಎಂದೂ ಸೇರಿಸಿದ. ಚಿಗರಿಯಿಂದ ಬೆಳೆ ಹಾಳಾಗುತ್ತದೆಂಬ ರೈತರ ಗೋಳು ಇಲ್ಲಿ ಹಳೆಯದು. ಆದರೂ ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಮುಕ್ಕಾಲು ಗಂಟೆ ಕುಳಿತೆವು. ನನ್ನ ಕಾಲು ಜೋಮು ಹಿಡಿಯಿತು. ಹಿಂಡು ಮೇಯುತ್ತ ಮೇಯುತ್ತ ಕುರಿಗಳ ಆಚೆಗೇ ಬಂತು. ಅವಳು ನಾಲ್ಕೇ ಚಿತ್ರ ತೆಗೆದಳು. ಒಂದರಲ್ಲಿ ಮುಂದೆ ಕಂಬಳಿ ಹೊದ್ದ ಕುರಿಗಾಹಿ, ಅವನ ಹಿಂದೆ ಕುರಿ, ಕುರಿಯ ಹಿಂದೆ ಕೋಡೆತ್ತಿ ನಿಂತ ಕರಿ ಚಿಗರಿ. ಯಾವುದೂ ಬೆದರಿರಲಿಲ್ಲ.

ಹಾವೇರಿಗೆ ಬಂದ ಕೂಡಲೇ ಫೋಟೋ ಅಜ್ಜ ಅದರ ಎರಡು ಪ್ರತಿ ಹಾಕಿಸಿದರು. ಚಿತ್ರದಲ್ಲಿ ಇದ್ದವರಿಗೆ ಒಂದು ಪ್ರತಿ ಮುಟ್ಟಿಸದೆ ಅವರು ಎಂದೂ ಬಿಟ್ಟವರಲ್ಲ. ಒಂದನ್ನು ಮೊಮ್ಮಗಳು ಬೆಂಗಳೂರಿಗೆ ಒಯ್ದಳು. ಇನ್ನೊಂದು ನನ್ನ ಮೇಜಿನ ಮೇಲಿದೆ. ಆ ಕುರಿಗಾಹಿ ಮುಂದಿನ ಊರಿಗೆ ಹೋಗುವ ಮೊದಲು, ಈ ಭಾನುವಾರ ಅದನ್ನು ನಾನೇ ಹೋಗಿ ಕೊಟ್ಟು ಬರಬೇಕು.